ಬಾಯಿಗೆ ಬಂದ ಕೀರ್ತನೆ

ದೇಹದ ದಣಿವಿಗೆ ನಿದ್ರೆಯೇ ಮದ್ದು. ಆದರೆ ರಾತ್ರಿಯೆಲ್ಲ ಮಲಗಿ ಎದ್ದರೂ ಆರದ ಇನ್ನೊಂದು ದಣಿವು ಮನುಷ್ಯನಿಗೆ ಉಂಟು. ತೀರದ ಸಾಲ, ಮನೆಯಲ್ಲಿ ಹಾಸಿಗೆ ಹಿಡಿದ ರೋಗಿ, ಅಗಲಿದವರ ನೆನಪು ತರುವ ದಣಿವು ಅದು. ಅಂಥ ವೇಳೆಯಲ್ಲಿ ಹೊಸ ಗ್ರಂಥವೊಂದನ್ನು ತೆರೆದು ಓದುವ ತ್ರಾಣ ಯಾರಿಗಿದೆ? ಆಗ ಕೈಹಿಡಿಯುವುದು, ಎಂದೋ ಬಾಯಿಪಾಠವಾಗಿ ಒಳಗೆ ಕುಳಿತ ಮಾತು.

ಕ್ರೈಸ್ತರ ಮನೆಗಳಲ್ಲಿ ಅಂಥ ಮಾತೆಂದರೆ ಬೈಬಲ್ಲಿನ 23ನೆಯ ಕೀರ್ತನೆ. ಹಳೆಯ ಒಡಂಬಡಿಕೆಯ 150 ಕೀರ್ತನೆಗಳಲ್ಲಿ ಇದು ಕೇವಲ 6 ವಚನಗಳ ಕಿರುಹಾಡು. ಸಂಪ್ರದಾಯವು ಇದನ್ನು ದಾವೀದನದೆನ್ನುತ್ತದೆ. ಯೆಹೂದ್ಯರಿಗೂ ಇದು ಅಷ್ಟೇ ಆಪ್ತ. ರೋಗಿಯ ಮಗ್ಗುಲಲ್ಲಿ, ಶವಸಂಸ್ಕಾರದ ವೇಳೆಯಲ್ಲಿ ಇದನ್ನು ಹೇಳುವುದುಂಟು. ಕನ್ನಡ ಬೈಬಲ್ಲು ಈ ಹಾಡುಗಳಿಗೆ 'ಕೀರ್ತನೆ' ಎಂಬ ಹೆಸರಿತ್ತದ್ದು ಬಹು ಉಚಿತವಾಗಿದೆ. ಆ ಶಬ್ದ ಕಿವಿಗೆ ಬಿದ್ದೊಡನೆ ದಾಸರ ತಂಬೂರಿಯ ಶ್ರುತಿ ಕನ್ನಡಿಗನಿಗೆ ಕೇಳಿಸದಿರದು.

ದೇವರು ಕುರುಬ, ತಾನು ಅವನ ಕುರಿ: ಇದು ಕವಿಯ ಕಲ್ಪನೆ. ಹಸುರು ಹುಲ್ಲು, ನಿಶ್ಚಲವಾದ ನೀರು ಎಂದೊಡನೆ ನಾವು ಮಲೆನಾಡನ್ನು ನೆನೆಯಬಾರದು. ದಾವೀದನ ಊರಾದ ಬೇತ್ಲೆಹೇಮಿನ ಮೂಡಲಿಗೆ ಇರುವುದು ಯೂದಾಯದ ಬೆಂಗಾಡು. ಅಲ್ಲಿ ಚಳಿಗಾಲದ ಮಳೆ ಬಿದ್ದಾಗ ಸ್ವಲ್ಪ ಕಾಲ ಮಾತ್ರ ಹಸುರು. ಅದು ಎಲ್ಲಿದೆಯೆಂದು ಬಲ್ಲವನು ಕುರುಬ, ಕುರಿಯಲ್ಲ. ಮೂಲ ಹೀಬ್ರೂವಿನಲ್ಲಿ ಆ ನೀರಿಗೆ 'ವಿಶ್ರಾಂತಿಯ ನೀರು' ಎಂಬ ಮಾತಿದೆ. ಪ್ರಾಣವನ್ನು ಉಜ್ಜೀವಿಸುವನೆಂದು ಹೇಳುವ ಕ್ರಿಯಾಪದಕ್ಕಾದರೋ 'ಹಿಂದಿರುಗಿಸು' ಎಂಬುದೇ ಮೂಲಾರ್ಥ. ಚದರಿಹೋದ ಜೀವ ತನ್ನ ನೆಲೆಗೆ ಮರಳುವುದೇ ನವಚೈತನ್ಯ ಎಂದಾಯಿತು.

ವ್ಯಾಕರಣದ ವಿದ್ಯಾರ್ಥಿಯ ಕಣ್ಣಿಗೆ ಇಲ್ಲಿ ಮತ್ತೊಂದು ಸೊಗಸು ಕಾಣುತ್ತದೆ. ಮೊದಲ ಮೂರು ವಚನಗಳಲ್ಲಿ ದೇವರು ಪ್ರಥಮ ಪುರುಷ. ಕವಿ ಅವನನ್ನು ಕುರಿತು 'ಆತನು' ಎಂದು ಹೇಳುತ್ತಾನೆ. ನಾಲ್ಕನೆಯದರಲ್ಲಿ ದಾರಿ ಕಗ್ಗತ್ತಲೆಯ ಕಣಿವೆಗೆ ಇಳಿಯುತ್ತದೆ. ಅಲ್ಲಿಯೇ, ಸದ್ದಿಲ್ಲದೆ, 'ಆತನು' ಹೋಗಿ 'ನೀನು' ಬರುತ್ತದೆ! ಹುಲ್ಲುಗಾವಲಿನಲ್ಲಿ ದೇವರ ವಿಷಯವಾಗಿ ಮಾತನಾಡುತ್ತಿದ್ದವನು ಕಣಿವೆಯಲ್ಲಿ ದೇವರೊಡನೆಯೇ ಮಾತನಾಡತೊಡಗಿದ್ದಾನೆ. ಕಣಿವೆಯನ್ನು ಬಳಸಿ ಹೋಗುವ ಬೇರೆ ದಾರಿಯನ್ನು ಕೀರ್ತನೆ ತೋರಿಸಿಲ್ಲ. ಶತ್ರುಗಳನ್ನೂ ಅದು ಇಲ್ಲವಾಗಿಸಿಲ್ಲ, ಅವರ ಎದುರಿನಲ್ಲೇ ಊಟ ಬಡಿಸಿದೆ. ಅದು ಕೊಡುವ ವಿಶ್ರಾಂತಿ ನಡೆಯುತ್ತಿರುವವನಿಗೆ ದೊರೆಯುವ ವಿಶ್ರಾಂತಿ. ಜೊತೆಯಲ್ಲಿ ಒಬ್ಬನಿದ್ದಾನೆಂಬ ನೆಮ್ಮದಿ.

ಬಾಯಿಪಾಠ ಯಾಂತ್ರಿಕವಾಗುವುದಿಲ್ಲವೆ ಎಂದು ವಾಚಕರು ಕೇಳಬಹುದು. ಆಗುವುದುಂಟು. ವಿಷ್ಣುಸಹಸ್ರನಾಮವನ್ನೋ ವಚನವನ್ನೋ ನಿತ್ಯವೂ ಹೇಳುವವರ ಮನಸ್ಸು ಒಮ್ಮೊಮ್ಮೆ ಒಲೆಯ ಮೇಲಿನ ಹಾಲಿನ ಕಡೆಗೆ ಹರಿಯುತ್ತದೆ. ಆದರೂ ಆ ದಿನಗಳು ವ್ಯರ್ಥವಲ್ಲ. ನಾಲಗೆ ಪಳಗುತ್ತಿರುತ್ತದೆ, ಮಾತು ತನ್ನ ಸ್ಥಳವನ್ನು ಮಾಡಿಕೊಳ್ಳುತ್ತಿರುತ್ತದೆ. ಅರ್ಥ ಎಷ್ಟೋ ವರ್ಷಗಳ ಬಳಿಕ, ಕರೆಯದೆ ಬರುವ ಅತಿಥಿಯಂತೆ, ಬಾಗಿಲು ತಟ್ಟುತ್ತದೆ.

ಆದುದರಿಂದ ನಿಮ್ಮ ಮನೆಯ ಧರ್ಮ ಯಾವುದೇ ಇರಲಿ, ಮಕ್ಕಳಿಗೆ ಒಂದು ಪ್ರಾರ್ಥನೆಯನ್ನಾದರೂ ಬಾಯಿಪಾಠ ಮಾಡಿಸಿರಿ; ನೀವು ಕಲಿತದ್ದನ್ನು ಮರೆಯದಿರಿ. ಕತ್ತಲೆಯಲ್ಲಿ ಕೈಗೆ ಸಿಕ್ಕಬೇಕಾದ ದೀಪವನ್ನು ಹಗಲಿನಲ್ಲಿಯೇ ಅದರ ಗೂಡಿನಲ್ಲಿ ಇರಿಸಬೇಕು.