ಅಸ್ಸೀಸಿಯ ಸಂತನ ಕಿರಿತನ

ಇಟಲಿಯ ಅಸ್ಸೀಸಿ ಪಟ್ಟಣದ ಸಂತ ಫ್ರಾನ್ಸಿಸನು ದೇಹವಿಟ್ಟು 2026ರ ಅಕ್ಟೋಬರ್ 3ಕ್ಕೆ ಎಂಟು ಶತಮಾನಗಳು ತುಂಬುತ್ತವೆ. ಆತನೆಂದೊಡನೆ ಹಕ್ಕಿಗಳಿಗೆ ಉಪದೇಶಿಸುತ್ತಿರುವ ಚಿತ್ರವೇ ಜನರ ಕಣ್ಣಿಗೆ ಕಟ್ಟುತ್ತದೆ. 1979ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು ಆತನನ್ನು ಪರಿಸರರಕ್ಷಕರ ಪಾಲಕಸಂತನೆಂದು ಸಾರಿದ ಬಳಿಕ ಆ ಚಿತ್ರಕ್ಕೆ ಮನ್ನಣೆ ಮತ್ತಷ್ಟು ಹೆಚ್ಚಿತು. ಹಕ್ಕಿಯನ್ನು ಪ್ರೀತಿಸುವುದು ಸುಲಭ. ಅದು ನಮ್ಮ ಅಂತಸ್ತಿಗೆ ಭಂಗ ತರುವುದಿಲ್ಲ. ಫ್ರಾನ್ಸಿಸನ ಸಾಧನೆ ಮೊದಲಾದುದು ಕುಷ್ಠರೋಗಿಗಳ ನಡುವೆ. ಅರಿವೆ ವ್ಯಾಪಾರಿಯ ಮಗನಾಗಿ ಸುಖದಲ್ಲಿ ಬೆಳೆದ ಆತನಿಗೆ ಅವರನ್ನು ನೋಡುವುದೇ ಅಸಹ್ಯವಾಗಿದ್ದಿತು. ಅವರ ಸೇವೆಗೈದ ಮೇಲೆ ಕಹಿಯೇ ಸಿಹಿಯಾಯಿತೆಂದು ತನ್ನ ಮೃತ್ಯುಪತ್ರದಲ್ಲಿ ಆತನೇ ಹೇಳಿಕೊಂಡಿದ್ದಾನೆ.

ಸಂಗಾತಿಗಳಿಗೆ ಆತನಿಟ್ಟ ಹೆಸರು ‘ಕಿರಿಯ ಸಹೋದರರು’. ಹಣ ಸ್ವೀಕರಿಸಕೂಡದು, ದುಡಿದು ಬಾಳಬೇಕು, ಯಾವುದನ್ನೂ ತನ್ನದೆನ್ನಬಾರದು, ಲೋಕದಲ್ಲಿ ಪರದೇಶಿಗಳಂತಿರಬೇಕು ಎಂಬುದು 1223ರಲ್ಲಿ ಪೋಪರ ಸಮ್ಮತಿ ಪಡೆದ ನಿಯಮಾವಳಿಯ ಸಾರ. ಕಾಯಕವನ್ನೂ ಕಿಂಕರಭಾವವನ್ನೂ ಕಲಿಸಿದ ಶರಣರ ನಾಡಿನಿಂದ ಬಂದು, ಬಾಡಿಗೆಯ ಖೋಲಿಗಳಲ್ಲಿ ಪರಸ್ಥಳದವರಾಗಿ ಬಾಳಿದ ನಮಗೆ ಇದು ತೀರ ಅಪರಿಚಿತವೆನಿಸಲಾರದು.

1219ರಲ್ಲಿ ಐದನೆಯ ಕ್ರೂಸೇಡಿನ ಸೈನ್ಯವು ಈಜಿಪ್ಟಿನ ದಮಿಯೆತ್ತಾ ನಗರವನ್ನು ಮುತ್ತಿದ್ದಾಗ, ಫ್ರಾನ್ಸಿಸನು ನಿರಾಯುಧನಾಗಿ ಸುಲ್ತಾನ ಅಲ್-ಕಾಮಿಲನ ಪಾಳೆಯಕ್ಕೆ ನಡೆದನು. ಸುಲ್ತಾನನು ಮತ ಬದಲಿಸಲಿಲ್ಲ. ಸಂತನ ತಲೆಯೂ ಉರುಳಲಿಲ್ಲ. ಮುಸಲ್ಮಾನರ ನಡುವೆ ಹೋಗುವ ಸಹೋದರರು ವಾದ-ಕಲಹಗಳಿಗೆ ಇಳಿಯದೆ ಎಲ್ಲರಿಗೂ ವಿಧೇಯರಾಗಿರಬೇಕೆಂಬ ಮಾತು 1221ರ ನಿಯಮಾವಳಿಯಲ್ಲಿದೆ.

ಅನುಯಾಯಿಗಳು ಇದನ್ನು ಮರೆತುದಕ್ಕೆ ಸಾಕ್ಷಿ ಮುಂಬಯಿಯಲ್ಲಿಯೇ ಉಂಟು. ಬೋರಿವಲಿಯ ಮಂಡಪೇಶ್ವರ ಗುಹೆಗಳನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಪೋರ್ತುಗೀಜರ ಆಳಿಕೆಯಲ್ಲಿ, 16ನೆಯ ಶತಮಾನದಲ್ಲಿ, ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಆ ಶೈವಗುಹೆಯನ್ನೇ ಇಗರ್ಜಿಯನ್ನಾಗಿ ಮಾಡಿ, ಅದರ ಮೇಲೆ ಮಠವನ್ನು ಕಟ್ಟಿಸಿದರು. ಮಠವು ಪಾಳುಬಿದ್ದಿದೆ, ಗುಹೆಯಲ್ಲಿ ಮತ್ತೆ ಶಿವಪೂಜೆ ನಡೆಯುತ್ತಿದೆ. ಸಿಂಹಾಸನದ ನೆರಳು ದೊರೆತೊಡನೆ ಕಿರಿಯ ಸಹೋದರರು ಹಿರಿಯರಾಗಿಬಿಟ್ಟರು. (ಈ ರೋಗ ಒಂದೇ ಮತಕ್ಕೆ ಮೀಸಲೆಂದು ಯಾರೂ ಹಿಗ್ಗಬೇಕಾಗಿಲ್ಲ.)

ಇಂದಿನ ಸಂಸಾರಿಯು ಹಣ ಮುಟ್ಟದೆ ನಗರದಲ್ಲಿ ಒಂದು ದಿನವನ್ನೂ ಕಳೆಯಲಾರನು, ನಿಜ. ಗೃಹಸ್ಥ ಫ್ರಾನ್ಸಿಸ್ಕನರಿಗಾಗಿ 1978ರಲ್ಲಿ ಆರನೆಯ ಪಾಲ್ ಪೋಪರು ಅಂಗೀಕರಿಸಿದ ನಿಯಮವೂ ಅಷ್ಟನ್ನು ಬೇಡುವುದಿಲ್ಲ. ಬೇಕುಗಳನ್ನು ಕಡಮೆ ಮಾಡಿಕೊಳ್ಳಿರೆನ್ನುತ್ತದೆ. ಬೇಕುಗಳನ್ನು ಕಡಮೆ ಮಾಡಬಹುದು; ಹಿರಿತನವನ್ನು ಬಿಡುವುದೇ ಕಷ್ಟ. ಮನೆಗೆಲಸದವಳಿಗೆ ಬೇರೆ ಲೋಟ, ಬೇರೆ ಲಿಫ್ಟು ಇರುವ ಕಟ್ಟಡಗಳು ಈ ನಗರಗಳಲ್ಲಿ ಎಷ್ಟಿಲ್ಲ? ಕೈಯಿಂದ ಮಲ ಬಾಚಿಸುವುದನ್ನು 2013ರ ಕಾನೂನು ನಿಷೇಧಿಸಿದ್ದರೂ ಗಟಾರಗಳಿಗಿಳಿದವರು ಉಸಿರುಗಟ್ಟಿ ಸಾಯುವ ಸುದ್ದಿ ನಿಂತಿಲ್ಲ. ಸಂತನ ಹೆಸರಿನಲ್ಲಿ ಉತ್ಸವ ನಡೆಸುವವರು ಅಂಥವರನ್ನು ವೇದಿಕೆಗೆ ಕರೆದು ಕಂಬಳಿ ಹಂಚಿಯಾರು. ಅದರ ಬದಲು ಅವರ ಮನೆಗೇ ಹೋಗಿ, ಅವರು ಕೊಟ್ಟ ಚಹಾವನ್ನು ಅವರ ಲೋಟದಲ್ಲಿಯೇ ಕುಡಿದು ಬರಲಿ.