ಸೀಟಿನ ಭರವಸೆಗೆ ಯಾವ ಅಳತೆಗೋಲು?

ನಾನು ಸೇವೆಯಲ್ಲಿದ್ದ ದಿನಗಳಲ್ಲಿ ನಂಜನಗೂಡು ತಾಲ್ಲೂಕಿನ ರೈತರೊಬ್ಬರು ಮಗಳ ವ್ಯಾಸಂಗ ಪ್ರಮಾಣಪತ್ರ ಹಿಡಿದು ನನ್ನ ಬಳಿಗೆ ಬಂದಿದ್ದರು. ಮಗಳು ಏಳನೆಯ ತರಗತಿಯವರೆಗೆ ಊರಿನ ಸರ್ಕಾರಿ ಶಾಲೆಯಲ್ಲೇ ಓದಿದ್ದಳು. ಊರಿನಲ್ಲಿ ಪ್ರೌಢಶಾಲೆ ಇರಲಿಲ್ಲ. ಹಾಗಾಗಿ ಮೂರು ವರ್ಷ ದಿನವೂ ಬಸ್ಸಿನಲ್ಲಿ ನಂಜನಗೂಡಿಗೆ ಬಂದು ಎಸ್ಸೆಸ್ಸೆಲ್ಸಿ ಮುಗಿಸಿದಳು. ವೃತ್ತಿ ಶಿಕ್ಷಣದ ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತನೆಯ ತರಗತಿಯವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ನಂಜನಗೂಡು ಪಟ್ಟಣವಾದುದರಿಂದ ಆ ಹುಡುಗಿ ಅರ್ಹಳಲ್ಲ. ‘ಊರಲ್ಲೇ ಹೈಸ್ಕೂಲು ಇದ್ದಿದ್ರೆ ಅಲ್ಲಿಗ್ಯಾಕೆ ಕಳಿಸ್ತಿದ್ವಿ ಸ್ವಾಮಿ?’ ಎಂದು ಅವರು ಕೇಳಿದರು. ನಿಯಮವನ್ನು ಓದಿ ಹೇಳುವುದಷ್ಟೇ ನನ್ನಿಂದ ಆಯಿತು.

ಇದೇ ನಿಯಮದ ಇನ್ನೊಂದು ಮುಖವನ್ನೂ ನೋಡಬೇಕು. ಮೈಸೂರಿನ ಹೊರವಲಯದಲ್ಲಿ, ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿರುವ ಖಾಸಗಿ ಶಾಲೆಗೆ ಹತ್ತು ವರ್ಷ ನಗರದಿಂದ ಹೋಗಿಬಂದ ಮಗು, ಉಳಿದ ಷರತ್ತುಗಳನ್ನು ಪೂರೈಸಿದರೆ, ದಾಖಲೆಯಲ್ಲಿ ಗ್ರಾಮೀಣ ವಿದ್ಯಾರ್ಥಿ. ಹಳ್ಳಿಯಿಂದ ಪಟ್ಟಣಕ್ಕೆ ಬಂದ ಮಗು ನಗರದ್ದು, ನಗರದಿಂದ ಹಳ್ಳಿಗೆ ಹೋದ ಮಗು ಗ್ರಾಮೀಣ! ನಿಯಮ ರೂಪಿಸಿದವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಅವರು ಆರಿಸಿಕೊಂಡ ಅಳತೆಗೋಲು ತಪ್ಪಾಗಿತ್ತು.

ರಾಜ್ಯದ ಶಾಲೆಗಳಲ್ಲಿ ಓದಿದ ಮಕ್ಕಳಿಗೆ ರಾಜ್ಯದ ಸಾರ್ವಜನಿಕ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಖಚಿತ ಪ್ರವೇಶ ಬೇಕೆಂಬ ಬೇಡಿಕೆ ಹೊಸದಲ್ಲ. 1916ರಲ್ಲಿ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದ ಮೈಸೂರು ಸಂಸ್ಥಾನವೇ ಎರಡು ವರ್ಷಗಳ ನಂತರ, ಹಿಂದುಳಿದ ವರ್ಗಗಳಿಗೆ ಶಿಕ್ಷಣ ಹಾಗೂ ಉದ್ಯೋಗದಲ್ಲಿ ಪಾಲು ದೊರಕಿಸುವ ಬಗ್ಗೆ ವರದಿ ನೀಡಲು ಮಿಲ್ಲರ್ ಸಮಿತಿಯನ್ನು ನೇಮಿಸಿತು. ಕಾಲೇಜಿನ ಬಾಗಿಲು ತೆರೆದಿದ್ದರೆ ಸಾಲದು, ಒಳಗೆ ಬರುವವರು ಯಾರೆಂಬುದನ್ನೂ ನೋಡಬೇಕು ಎಂಬ ವಿವೇಕ ನಾಲ್ವಡಿ ಕೃಷ್ಣರಾಜ ಒಡೆಯರ ಆಡಳಿತಕ್ಕಿತ್ತು.

ಇಂದು ಬಿ.ಎ., ಬಿ.ಕಾಂ. ತರಗತಿಗಳ ಸೀಟಿಗೆ ಅಂತಹ ಬರವಿಲ್ಲ. ಕೊರತೆ ಇರುವುದು ಕಡಿಮೆ ಶುಲ್ಕದ ಸರ್ಕಾರಿ ಎಂಜಿನಿಯರಿಂಗ್, ವೈದ್ಯಕೀಯ ಹಾಗೂ ಕೃಷಿ ಸೀಟುಗಳಿಗೆ. 1994ರಲ್ಲಿ ಆರಂಭವಾದ ಸಿಇಟಿ ಹಣಬಲ ಮತ್ತು ಶಿಫಾರಸುಗಳಿಗೆ ಕಡಿವಾಣ ಹಾಕಿತೆಂಬುದರಲ್ಲಿ ಅನುಮಾನವಿಲ್ಲ. ಆದರೆ ಮೈಸೂರಿನ ತರಬೇತಿ ಕೇಂದ್ರದಲ್ಲಿ ಎರಡು ವರ್ಷ ಪಳಗಿದವರನ್ನೂ, ಉಪನ್ಯಾಸಕರ ಹುದ್ದೆ ಖಾಲಿ ಇರುವ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ತಾವೇ ಓದಿಕೊಂಡವರನ್ನೂ ಅದು ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಈ ಅಸಮತೆಯನ್ನು ಸರಿದೂಗಿಸಲು ನಾವು ಕಂಡುಕೊಂಡ ಮಾರ್ಗಗಳು ಎರಡು: ಪ್ರದೇಶ ಮತ್ತು ಬಾಲ್ಯದ ಹಿನ್ನೆಲೆ.

ಪ್ರದೇಶಕ್ಕೆ ಉದಾಹರಣೆ ಸಂವಿಧಾನದ 371(ಜೆ) ವಿಧಿ. 2012ರ ತಿದ್ದುಪಡಿಯ ಬಲದಿಂದ ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟುಗಳು ಅಲ್ಲಿನವರಿಗೆ ಮೀಸಲಾದವು. ಶತಮಾನದ ಅಸಮತೋಲನಕ್ಕೆ ಅದು ಅಗತ್ಯವಾದ ಪರಿಹಾರ. ಆದರೂ ಕಲಬುರಗಿ ನಗರದ ದುಬಾರಿ ಶಾಲೆಯ ಮಗುವಿಗೂ ಗಡಿಹಳ್ಳಿಯ ಮಗುವಿಗೂ ಅದು ವ್ಯತ್ಯಾಸ ಮಾಡುವುದಿಲ್ಲ. ಪ್ರದೇಶವನ್ನು ಆಧರಿಸಿದ ಭರವಸೆಗೆ ಕಾನೂನಿನ ಆಸರೆಯೂ ಎಲ್ಲೆಡೆ ದೊರೆಯುವುದಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ 25 ಮೀಸಲು ನೀಡಿದ 2020ರ ತಿದ್ದುಪಡಿಯನ್ನು ಹೈಕೋರ್ಟ್ ಅದೇ ಸೆಪ್ಟೆಂಬರಿನಲ್ಲಿ ರದ್ದುಪಡಿಸಿತು. ಸ್ನಾತಕೋತ್ತರ ವೈದ್ಯಕೀಯ ಸೀಟುಗಳಲ್ಲಿ ನಿವಾಸ ಆಧಾರಿತ ಮೀಸಲಾತಿ ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ತೀರ್ಪಿತ್ತಿತು.

ಎರಡನೆಯ ಮಾರ್ಗ ಶೇ 15ರ ಗ್ರಾಮೀಣ ಮತ್ತು ಶೇ 5ರ ಕನ್ನಡ ಮಾಧ್ಯಮ ಮೀಸಲಾತಿ. ಇವುಗಳಿಂದ ಎಷ್ಟೋ ಮನೆಗಳಲ್ಲಿ ಮೊದಲ ಎಂಜಿನಿಯರ್ ಹುಟ್ಟಿದ್ದಾರೆ. ಅವನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಶಾಲೆಯ ಕಟ್ಟಡ ಯಾವ ಗಡಿಯೊಳಗಿದೆ ಎಂಬುದನ್ನೇ ಮಗುವಿನ ಕಷ್ಟದ ಅಳತೆಯೆಂದು ತಿಳಿದರೆ ಏನಾಗುತ್ತದೆ ಎಂಬುದಕ್ಕೆ ಮೇಲಿನ ರೈತರೇ ಸಾಕ್ಷಿ.

ಮೂರನೆಯ ಮಾರ್ಗವೊಂದಿದೆ. ಅಮೆರಿಕದ ಟೆಕ್ಸಾಸ್ ರಾಜ್ಯವು 1997ರಲ್ಲಿ ಜಾರಿಗೆ ತಂದ ಕಾನೂನಿನ ಪ್ರಕಾರ, ಪ್ರತಿ ಪ್ರೌಢಶಾಲೆಯ ಮೊದಲ ಶೇ 10ರಷ್ಟು ವಿದ್ಯಾರ್ಥಿಗಳಿಗೆ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶ ಖಚಿತವಾಯಿತು. ಆಸ್ಟಿನ್ ವಿಶ್ವವಿದ್ಯಾಲಯದ ಮೇಲೆ ಒತ್ತಡ ಹೆಚ್ಚಿದಾಗ 2009ರಲ್ಲಿ ಅದಕ್ಕೆ ಮಿತಿಯನ್ನೂ ಹಾಕಲಾಯಿತು. ಅಲ್ಲಿ ಮಗುವಿನ ಸ್ಪರ್ಧೆ ತನ್ನದೇ ಶಾಲೆಯ, ಅದೇ ಶಿಕ್ಷಕರಿಂದ ಕಲಿತ ಸಹಪಾಠಿಗಳೊಡನೆ. ಸ್ಯಾಂಡ್ರಾ ಬ್ಲ್ಯಾಕ್, ಜೆಫ್ರಿ ಡೆನಿಂಗ್ ಮತ್ತು ಜೆಸ್ಸಿ ರೋತ್‌ಸ್ಟೀನ್ ಎಂಬ ಅರ್ಥಶಾಸ್ತ್ರಜ್ಞರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಕಾನೂನಿನಿಂದ ಒಳಬಂದವರ ಪದವಿ ಪ್ರಮಾಣವೂ ಗಳಿಕೆಯೂ ಹೆಚ್ಚಿದವು; ಸ್ಥಾನ ತಪ್ಪಿದವರಿಗೆ ಅದಕ್ಕೆ ಸಮನಾದ ನಷ್ಟವಾಗಲಿಲ್ಲ. ಅನುಕೂಲಸ್ಥರ ಮಕ್ಕಳಿಗೆ ಬೇರೆ ದಾರಿಗಳಿರುತ್ತವೆ, ಇಲ್ಲದವರಿಗೆ ಇರುವುದು ಈ ಒಂದೇ ದಾರಿ.

ನಮ್ಮಲ್ಲಿಯೂ ಇದನ್ನು ಅಳವಡಿಸಬಹುದು. ರಾಜ್ಯದ ಅಧಿಕಾರ ವ್ಯಾಪ್ತಿಯಲ್ಲಿರುವ ಸರ್ಕಾರಿ ಎಂಜಿನಿಯರಿಂಗ್ ಮತ್ತು ಕೃಷಿ ಸೀಟುಗಳಿಂದ ಆರಂಭಿಸಿ, ವಿಜ್ಞಾನ ವಿಭಾಗವಿರುವ ಪ್ರತಿ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಮೊದಲಿಗರಾದ, ಕನಿಷ್ಠ ಅಂಕ ಪಡೆದ ಒಬ್ಬ ವಿದ್ಯಾರ್ಥಿಗೆ ಸೀಟು ಖಚಿತವೆಂದು ಘೋಷಿಸಲಿ. ಅನುಭವ ನೋಡಿಕೊಂಡು ಸಂಖ್ಯೆಯನ್ನು ಹೆಚ್ಚಿಸಬಹುದು. ಈಗಿರುವ ಜಾತಿ ಆಧಾರಿತ ಮೀಸಲಾತಿಯ ಒಳಗೇ ಅಡ್ಡವಾಗಿ ಇದನ್ನು ಹೊಂದಿಸಲು ಸಾಧ್ಯ. ನೆರೆಯ ತಮಿಳುನಾಡು 2020ರಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ವೈದ್ಯಕೀಯ ಸೀಟುಗಳಲ್ಲಿ ಶೇ 7.5 ಮೀಸಲಿಟ್ಟಿತು, ಮದ್ರಾಸ್ ಹೈಕೋರ್ಟ್ 2022ರಲ್ಲಿ ಅದನ್ನು ಎತ್ತಿಹಿಡಿಯಿತು.

ಸೀಟಿಗಾಗಿ ಕೊನೆಯ ವರ್ಷ ಹಳ್ಳಿಯ ಕಾಲೇಜಿಗೆ ಸೇರುವವರು ಹುಟ್ಟಿಕೊಳ್ಳುತ್ತಾರೆ ಎಂಬ ಆಕ್ಷೇಪಕ್ಕೆ ಉತ್ತರ ತಮಿಳುನಾಡಿನಲ್ಲಿಯೇ ಇದೆ. ಅಲ್ಲಿ ಆರರಿಂದ ಹನ್ನೆರಡನೆಯ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಓದಿರಬೇಕು. ಹೀಗೆ ಬಂದವರು ತರಗತಿಯಲ್ಲಿ ಹಿಂದುಳಿಯುತ್ತಾರೆ ಎಂಬ ಆಕ್ಷೇಪ ಇನ್ನಷ್ಟು ಗಂಭೀರವಾದುದು. ಕನ್ನಡದಲ್ಲಿ ಓದಿದ ಮಗುವನ್ನು ಇಂಗ್ಲಿಷಿನ ಎಂಜಿನಿಯರಿಂಗ್ ಪಠ್ಯದ ಮುಂದೆ ಕೂರಿಸಿ ಕೈತೊಳೆದುಕೊಂಡರೆ ಸೀಟು ಶಾಪವಾದೀತು. ಆದ್ದರಿಂದ ಸೀಟಿನ ಜೊತೆಗೆ ಹಾಸ್ಟೆಲ್ ಕೊಠಡಿ ಮತ್ತು ಮೊದಲ ವರ್ಷದ ಸೇತುಬಂಧ ತರಗತಿಯನ್ನೂ ಆದೇಶದಲ್ಲೇ ಬರೆಯಬೇಕು. ಆಸ್ಟಿನ್ ವಿಶ್ವವಿದ್ಯಾಲಯವೂ ಬಡ ಶಾಲೆಗಳ ಮಕ್ಕಳಿಗೆ ಪ್ರತ್ಯೇಕ ವಿದ್ಯಾರ್ಥಿವೇತನವನ್ನು ಜೋಡಿಸಬೇಕಾಯಿತು.

ನಂಜನಗೂಡಿನಿಂದ ಮೈಸೂರಿಗೆ ರೈಲಾದರೂ ಇದೆ, ತಿ.ನರಸೀಪುರಕ್ಕೆ ಅದೂ ಇಲ್ಲ, ಬಸ್ಸೇ ಗತಿ. 2023ರ ಶಕ್ತಿ ಯೋಜನೆಯ ನಂತರ ಹೆಣ್ಣುಮಕ್ಕಳು ಸರ್ಕಾರಿ ಬಸ್ಸಿನಲ್ಲಿ ಉಚಿತವಾಗಿ ಪ್ರಯಾಣಿಸುತ್ತಿದ್ದಾರೆ. ಪ್ರಯಾಣದ ಖರ್ಚನ್ನು ಸರ್ಕಾರ ಹೊತ್ತುಕೊಂಡಿತು. ಆ ಬಸ್ಸಿನಲ್ಲಿ ಬರುವ ಹುಡುಗಿ ತನ್ನ ಕಾಲೇಜಿಗೆ ಮೊದಲಿಗಳಾದರೆ ಮುಂದಿನ ಬಾಗಿಲು ತನಗೆ ತೆರೆದಿದೆಯೆಂದು ಪರೀಕ್ಷೆಗೆ ಮೊದಲೇ ತಿಳಿದಿರಬೇಕು. ಹಾಗೆ ತಿಳಿದಾಗ ಅವಳಷ್ಟೇ ಅಲ್ಲ, ಅವಳ ಇಡೀ ತರಗತಿ ಬೇರೆ ರೀತಿಯಲ್ಲಿ ಓದಲು ಕೂರುತ್ತದೆ.