ಎತ್ತಿಗೆ ಜ್ವರ, ಎಮ್ಮೆಗೆ ಬರೆ

ರಾಜಕಾರಣಿಯೊಬ್ಬನ ಹೆಸರನ್ನು ನಿರ್ಬಂಧದ ಪಟ್ಟಿಗೆ ಸೇರಿಸಿದರೆ ಅವನ ವರ್ಚಸ್ಸು ಕುಗ್ಗುತ್ತದೆಯೇ? ಕುಗ್ಗುತ್ತದೆ ಎಂಬ ನಂಬಿಕೆಯಿಂದಲೇ ಇಂಥ ಪಟ್ಟಿಗಳು ಹೊರಡುತ್ತವೆ. ರಷ್ಯದ ದ್ಮಿತ್ರಿ ರೊಗೋಜಿನ್ ಅವರ ಏರಿಳಿತ ನೋಡಿದ ಮೇಲೆ ನನಗಂತೂ ಆ ನಂಬಿಕೆ ಉಳಿದಿಲ್ಲ.

ರೊಗೋಜಿನ್ ಪತ್ರಿಕೋದ್ಯಮ ಓದಿದವರು. ಮಾತೇ ಅವರ ಬಂಡವಾಳ. 2003ರಲ್ಲಿ ಸಂಸತ್ತಿನ ಕೆಳಮನೆ ಡೂಮಾಗೆ ನಡೆದ ಚುನಾವಣೆಯಲ್ಲಿ ಸೆರ್ಗೇಯ್ ಗ್ಲಾಜ್ಯೆವ್ ಜೊತೆ ಮುನ್ನಡೆಸಿದ ರೋದಿನಾ ಕೂಟ ಶೇ 9ರಷ್ಟು ಮತ ಗಳಿಸಿತು. ಎರಡೇ ವರ್ಷಕ್ಕೆ, ವಲಸಿಗರನ್ನು ಕಸಕ್ಕೆ ಹೋಲಿಸಿದ ಜಾಹೀರಾತಿನ ಕಾರಣ ಮಾಸ್ಕೋ ನಗರದ ಚುನಾವಣೆಯಿಂದ ರೋದಿನಾವನ್ನೇ ಹೊರಗಿಡಲಾಯಿತು. ಸ್ವಂತ ಕಾಲಿನ ರಾಜಕಾರಣ ಅಲ್ಲಿಗೆ ಮುಗಿಯಿತು. ಮುಂದಿನದೆಲ್ಲ ಕ್ರೆಮ್ಲಿನ್ ಕೊಟ್ಟ ಕುರ್ಚಿ: 2008ರಲ್ಲಿ ನ್ಯಾಟೋಗೆ ರಾಯಭಾರಿ, 2011ರ ಕೊನೆಗೆ ಉಪಪ್ರಧಾನಿ.

2014ರ ಮಾರ್ಚ್ 17ರಂದು, ರಷ್ಯಕ್ಕೆ ಸೇರುವ ಬಗ್ಗೆ ಕ್ರಿಮಿಯಾದಲ್ಲಿ ಜನಮತಗಣನೆ ನಡೆದ ಮರುದಿನವೇ, ಅಮೆರಿಕದ ಮೊದಲ ಪಟ್ಟಿಯಲ್ಲಿ ಅವರ ಹೆಸರು ಬಂತು. ಆದದ್ದೇನು? ನಾಲ್ಕು ವರ್ಷ ಉಪಪ್ರಧಾನಿಯಾಗಿಯೇ ಉಳಿದರು, 2018ರಲ್ಲಿ ಬಾಹ್ಯಾಕಾಶ ಸಂಸ್ಥೆ ರೋಸ್‌ಕಾಸ್ಮೋಸ್‌ಗೆ ಮುಖ್ಯಸ್ಥರಾದರು. ಅಧಿಕಾರ ಮತದಾರನಿಂದ ಬರದೆ ಒಬ್ಬನೇ ಯಜಮಾನನ ಕೈಯಿಂದ ಬರುವ ಕಡೆ, ಹೊರಗಿನವರ ಸಿಟ್ಟೇ ನಿಷ್ಠೆಗೆ ಸಿಕ್ಕ ಪ್ರಮಾಣಪತ್ರ. ಅದನ್ನು ಎದೆಗೆ ಚುಚ್ಚಿಕೊಂಡವರು ಸುಮ್ಮನಿರುವುದುಂಟೇ! ಅಮೆರಿಕನ್ನರು ಟ್ರ್ಯಾಂಪೊಲಿನ್ ಮೇಲೆ ಕುಪ್ಪಳಿಸಿ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಲಿ ಎಂದು 2014ರ ಏಪ್ರಿಲ್‌ನಲ್ಲಿ ರೊಗೋಜಿನ್ ಅಣಕಿಸಿದರು. ನಗುವಂತಿರಲಿಲ್ಲ, ಆಗ ಅಲ್ಲಿಗೆ ಹೋಗಲು ರಷ್ಯದ ಸೋಯುಜ್ ಬಿಟ್ಟರೆ ನಾಸಾಗೆ ಬೇರೆ ದಾರಿ ಇರಲಿಲ್ಲ. ಹೆಸರು ಪಟ್ಟಿಯಲ್ಲಿ, ಸೀಟಿನ ದುಡ್ಡು ಮಾಸ್ಕೋಗೆ: ಎರಡೂ ಒಟ್ಟೊಟ್ಟಿಗೆ ನಡೆದವು. 2020ರ ಮೇ ತಿಂಗಳಲ್ಲಿ ತಮ್ಮ ನೌಕೆ ಇಬ್ಬರನ್ನು ಹೊತ್ತು ಹಾರಿದಾಗ, ಟ್ರ್ಯಾಂಪೊಲಿನ್ ಕೆಲಸ ಮಾಡುತ್ತಿದೆ ಎಂದು ಇಲಾನ್ ಮಸ್ಕ್ ಲೆಕ್ಕ ಚುಕ್ತಾ ಮಾಡಿದರು.

ಪಟ್ಟಿಯಿಂದ ಏನೂ ಆಗದಿದ್ದರೂ ತಪ್ಪನ್ನು ತಪ್ಪೆಂದು ಹೇಳಿದಂತಾಯಿತಲ್ಲ ಎನ್ನುವವರಿದ್ದಾರೆ. ಒಪ್ಪೋಣ. ಆದರೆ ಆಮೇಲಿನ ಸೆಡ್ಡಿನ ಬೆಲೆ ತೆತ್ತವರು ಯಾರು? 2022ರ ಮಾರ್ಚ್‌ನಲ್ಲಿ ಉಕ್ರೇನ್ ಯುದ್ಧ ಶುರುವಾದ ಬೆನ್ನಿಗೇ, ಬೈಕನೂರು ಉಡಾವಣಾ ಕೇಂದ್ರದಲ್ಲಿ ಒನ್‌ವೆಬ್ ಕಂಪನಿಯ 36 ಉಪಗ್ರಹ ಹೊತ್ತ ಸೋಯುಜ್ ಸಿದ್ಧವಾಗಿತ್ತು. ಬ್ರಿಟನ್ ಸರ್ಕಾರ ಆ ಕಂಪನಿಯಲ್ಲಿನ ತನ್ನ ಪಾಲು ಮಾರಲಿ ಎಂದು ರೊಗೋಜಿನ್ ಷರತ್ತು ಹಾಕಿದರು. ರಾಕೆಟ್ಟಿನ ಮೇಲಿದ್ದ ಅಮೆರಿಕ, ಬ್ರಿಟನ್, ಜಪಾನ್ ಧ್ವಜಗಳನ್ನು ಮುಚ್ಚಿಸಿದರು. ನಮ್ಮ ತ್ರಿವರ್ಣ ಉಳಿಯಿತು. ಉಡಾವಣೆ ರದ್ದಾಯಿತು. ಆ ಕಂಪನಿಯ ಉಳಿದ ಉಪಗ್ರಹಗಳಲ್ಲಿ 72ನ್ನು ಹಾರಿಸುವ ಕೆಲಸ, ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ಒಪ್ಪಂದ, ಇಸ್ರೋದ ವಾಣಿಜ್ಯ ಅಂಗ, ಬೆಂಗಳೂರಿನ ನ್ಯೂಸ್ಪೇಸ್ ಇಂಡಿಯಾಗೆ ಬಂತು. ಅದೇ ಅಕ್ಟೋಬರ್‌ನಲ್ಲಿ ಮೊದಲ 36, ಮರುವರ್ಷದ ಮಾರ್ಚ್‌ನಲ್ಲಿ ಇನ್ನು 36, ಶ್ರೀಹರಿಕೋಟಾದಿಂದ ಇಸ್ರೋದ ಎಲ್‌ವಿಎಂ-3 ಮೇಲೇರಿದವು. ಸೆಡ್ಡು ಹೊಡೆದವರು ಒಬ್ಬರು, ಗಿರಾಕಿ ಕಳೆದುಕೊಂಡದ್ದು ರೋಸ್‌ಕಾಸ್ಮೋಸ್.

ಈ ಎಲ್‌ವಿಎಂ-3ರ ಕ್ರಯೋಜೆನಿಕ್ ಹಂತಕ್ಕೂ ಒಂದು ನಿರ್ಬಂಧದ ಹಿನ್ನೆಲೆಯಿದೆ. ರಷ್ಯದ ಗ್ಲಾವ್‌ಕಾಸ್ಮೋಸ್‌ನಿಂದ ಆ ತಂತ್ರಜ್ಞಾನ ಕೊಳ್ಳಲು ಹೊರಟಾಗ, 1992ರಲ್ಲಿ ಅಮೆರಿಕ ಇಸ್ರೋ ಮೇಲೂ ಗ್ಲಾವ್‌ಕಾಸ್ಮೋಸ್ ಮೇಲೂ ನಿರ್ಬಂಧ ಹೇರಿತು. ಸಿಕ್ಕಿದ್ದು ಎಂಜಿನ್ ಮಾತ್ರ, ವಿದ್ಯೆ ಸಿಗಲಿಲ್ಲ. ಸ್ವದೇಶಿ ಕ್ರಯೋಜೆನಿಕ್ ಎಂಜಿನ್ ಹೊತ್ತ ಜಿಎಸ್‌ಎಲ್‌ವಿ ಗೆದ್ದದ್ದು 2014ರ ಜನವರಿಯಲ್ಲಿ. ಯಂತ್ರ, ವಿದ್ಯೆಗಳಿಗೆ ಅಡ್ಡಗಟ್ಟುವ ನಿರ್ಬಂಧಕ್ಕೆ ಹಲ್ಲಿದೆ, ಅದರ ಕಡಿತ ನಾವೇ ತಿಂದಿದ್ದೇವೆ. ಯಜಮಾನನ ಮರ್ಜಿಯಲ್ಲಿ ಬದುಕುವವನ ಮೇಲಿನ ನಿರ್ಬಂಧಕ್ಕೆ ಆ ಹಲ್ಲಿಲ್ಲ.

ರೊಗೋಜಿನ್ ಅವರನ್ನು ಕೊನೆಗೂ ಇಳಿಸಿದ್ದು ವಾಷಿಂಗ್ಟನ್ ಅಲ್ಲ, ಪುಟಿನ್. 2022ರ ಜುಲೈ 15ರಂದು ರೋಸ್‌ಕಾಸ್ಮೋಸ್ ಯೂರಿ ಬೊರಿಸೊವ್ ಕೈಗೆ ಹೋಯಿತು. ಗಗನಯಾತ್ರಿಗಳ ಸೀಟು ವಿನಿಮಯಕ್ಕೆ ನಾಸಾ ಜೊತೆ ಒಪ್ಪಂದವಾದದ್ದೂ ಅದೇ ದಿನ. ರೊಗೋಜಿನ್ ಮನೆಗೇನೂ ಹೋಗಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ, ರಷ್ಯ ತನ್ನದೆಂದು ಘೋಷಿಸಿಕೊಂಡ ಉಕ್ರೇನಿನ ಝಪೋರಿಝಿಯಾ ಪ್ರಾಂತದ ಹೆಸರಿನಲ್ಲಿ ಅವರು ಮಾಸ್ಕೋದ ಮೇಲ್ಮನೆಗೆ ಸೆನೆಟರ್ ಆದರು.